ಎಂಜಿನ್ ದೀಪದ ಎರಡೂವರೆ ತಿಂಗಳು

ಸಾಗರ
2025 ಆಗಸ್ಟ್ 24, ಭಾನುವಾರ, ರಾತ್ರಿ 9.30

ಬೆಳಿಗ್ಗೆ ಹಬ್ಬದ ಸಾಮಾನು ತರಲು ಪೇಟೆಗೆ ಹೊರಟಾಗ ಕಾರಿನ ಎಂಜಿನ್ ದೀಪ, ಎಂಜಿನ್ನಿನಲ್ಲಿ ದೋಷವಿದೆಯೆಂದು ಡ್ಯಾಶ್‌ಬೋರ್ಡಿನಲ್ಲಿ ಹತ್ತುವ ಹಳದಿ ದೀಪ, ಇನ್ನೂ ಉರಿಯುತ್ತಲೇ ಇತ್ತು. ಅದನ್ನು ಕಂಡೂ ನನಗೆ ಸಿಟ್ಟು ಬಾರದಿದ್ದುದು ಈ ಎರಡೂವರೆ ತಿಂಗಳಲ್ಲಿ ಇದೇ ಮೊದಲು. ಶುಕ್ರವಾರ ಸಂಜೆ ಹೊಸ ಪೈಪು ಹಾಕಿ ಕೈ ಒರೆಸಿಕೊಳ್ಳುತ್ತಾ ಗ್ಯಾರೇಜಿನ ಮೇಸ್ತ್ರಿಯವರು ಹೇಳಿದ್ದರು: "ಟೀಚರೇ, ಈ ದೀಪವನ್ನು ನಾನು ಆರಿಸಿ ಕೊಡುವುದಿಲ್ಲ. ರಿಪೇರಿ ಸರಿಯಾಗಿದ್ದರೆ ಅದೇ ಆರುತ್ತದೆ. ಆರದಿದ್ದರೆ ಸೀದಾ ನನ್ನ ಹತ್ತಿರವೇ ಬನ್ನಿ." ನಿನ್ನೆ ಎರಡು ಸಲ ಓಡಿಸಿದ್ದೆ. ಪೇಟೆಗೆ ಹೋಗಿ ಬಂದದ್ದು ಮೂರನೆಯದು.

ನಾಡಿದ್ದು ಗೌರಿ ಹಬ್ಬ, ಮರುದಿನ ಗಣೇಶ. ಅದಕ್ಕೂ ಮೊದಲು ನಾಳೆ ಬೆಳಿಗ್ಗೆ ಅಮ್ಮನನ್ನು ಶಿವಮೊಗ್ಗಕ್ಕೆ ಕರೆದೊಯ್ಯಬೇಕು. ತಿಂಗಳಿಗೊಮ್ಮೆ ಅವರ ಕಣ್ಣಿಗೆ ಇಂಜೆಕ್ಷನ್. ಹೋಗುವಾಗ 70 ಕಿಲೋಮೀಟರಿಗೂ ಹೆಚ್ಚು ದಾರಿ. ಬರುವಾಗ ಅವರ ಒಂದು ಕಣ್ಣಿಗೆ ಪಟ್ಟಿ ಇರುತ್ತದೆ, ಮಳೆ ಇರುತ್ತದೆ, ಕುಂಸಿ ದಾಟುವ ಹೊತ್ತಿಗೆ ಕತ್ತಲಾಗಿರುತ್ತದೆ. ಆ ದಾರಿಯಲ್ಲಿ ಕಾರು ಕೈಕೊಟ್ಟರೆ ಏನು ಮಾಡುವುದೆಂಬ ಯೋಚನೆಯಲ್ಲಿ ಎಷ್ಟು ರಾತ್ರಿ ನಿದ್ದೆಗೆಟ್ಟಿದ್ದೇನೆಂದು ನನಗೇ ಗೊತ್ತು. ಹಾಗಾಗಿ ಇದನ್ನೆಲ್ಲ ಇಂದೇ ಬರೆದಿಡುತ್ತಿದ್ದೇನೆ.

ಮೊದಲ ಸಲ ದೀಪ ಹತ್ತಿದ್ದು ಜೂನ್ 9ರಂದು, ಆನಂದಪುರ ದಾಟಿದ ಮೇಲೆ. ಕಂಡದ್ದು ಅಮ್ಮನಿಗೆ. "ಇದೇನೇ, ಹಳದಿ ದೀಪ ಹತ್ತಿತಲ್ಲ?" ಎಂದರು. ಕಾರನ್ನು ಬದಿಗೆ ನಿಲ್ಲಿಸಿ ನೋಡಿದೆ. ಎಂಜಿನ್ನಿನ ಶಾಖ ಎಂದಿನಂತೆಯೇ ಇತ್ತು, ಎಣ್ಣೆಯ ಕೆಂಪು ದೀಪ ಹತ್ತಿರಲಿಲ್ಲ, ಓಟದಲ್ಲಿ ಜಗ್ಗಾಟವೂ ಇರಲಿಲ್ಲ. ದೀಪ ಮಿಣುಕದೆ ಸ್ಥಿರವಾಗಿ ಉರಿಯುತ್ತಿತ್ತು. ಈ ವ್ಯತ್ಯಾಸ ಆಗ ನನಗೆ ತಿಳಿದಿರಲಿಲ್ಲ, ಈಗ ತಿಳಿದಿದೆ. ಸ್ಥಿರವಾಗಿ ಉರಿದರೆ ಎಚ್ಚರದಿಂದ ಓಡಿಸುತ್ತಾ ಬೇಗನೆ ತೋರಿಸಬೇಕು. ಮಿಣುಕಿದರೆ ಯಾವುದೋ ಸಿಲಿಂಡರಿನಲ್ಲಿ ಪೆಟ್ರೋಲ್ ಸರಿಯಾಗಿ ಉರಿಯುತ್ತಿಲ್ಲವೆಂದು ಅರ್ಥ. ಉರಿಯದ ಪೆಟ್ರೋಲ್ ಹೊಗೆಕೊಳವೆಯೊಳಗೆ ಹೊಗೆಯನ್ನು ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರಿಗೆ ಹೋಗಿ ಅಲ್ಲಿ ಉರಿಯುತ್ತದೆ, ಅದನ್ನು ಸುಟ್ಟು ಕೆಡಿಸುತ್ತದೆ. ಆಗ ಕಾರನ್ನು ಅಲ್ಲೇ ನಿಲ್ಲಿಸುವುದೇ ಸರಿ.

ಆಮೇಲಿನ ಕಥೆಯನ್ನು ಉದ್ದ ಮಾಡುವುದಿಲ್ಲ. ಮೊದಲ ಗ್ಯಾರೇಜಿನಲ್ಲಿ ಸ್ಕ್ಯಾನರ್ ಚುಚ್ಚಿ, ಒಂದು ಗುಂಡಿ ಒತ್ತಿ, ದೀಪ ಆರಿಸಿ 500 ರೂಪಾಯಿ ತೆಗೆದುಕೊಂಡರು. "ಸೆನ್ಸರ್ ಕಂಪ್ಲೇಂಟ್ ಮೇಡಂ, ಕ್ಲಿಯರ್ ಆಯಿತು" ಎಂದರು. ಹನ್ನೊಂದನೆಯ ದಿನ ದೀಪ ಮತ್ತೆ ಹತ್ತಿತು. ಎರಡನೆಯ ಗ್ಯಾರೇಜಿನಲ್ಲಿ ಆಕ್ಸಿಜನ್ ಸೆನ್ಸರ್ ಬದಲಾಯಿಸಿದರು, 4,800 ರೂಪಾಯಿ. ಒಂಬತ್ತನೆಯ ದಿನ ಮತ್ತೆ ಹತ್ತಿತು. ಮೂರನೆಯವರು ಪೆಟ್ರೋಲ್ ಕೆಟ್ಟದ್ದು ಎಂದು, ಎಂಜಿನ್ನಿಗೆ ಪೆಟ್ರೋಲ್ ಸಿಂಪಡಿಸುವ ಇಂಜೆಕ್ಟರ್ ತೊಳೆದರು, ದೀಪ ಆರಿಸಿ ಕಳಿಸಿದರು. ಮತ್ತೆ ಹತ್ತಿತು. ಏನು ದೋಷವೆಂದು ಕೇಳಿದರೆ ಮೂವರದೂ ಒಂದೇ ಉತ್ತರ: "ನಿಮಗೆ ಅದೆಲ್ಲ ಅರ್ಥವಾಗುವುದಿಲ್ಲ ಮೇಡಂ." ಹತ್ತೊಂಬತ್ತು ವರ್ಷಗಳಿಂದ ಹೈಸ್ಕೂಲಿನಲ್ಲಿ ಭೌತಶಾಸ್ತ್ರ ಕಲಿಸುತ್ತಿರುವ ನನಗೆ ಗಾಳಿ ಮತ್ತು ಇಂಧನದ ಲೆಕ್ಕ ಅರ್ಥವಾಗುವುದಿಲ್ಲವಂತೆ. ಈ ಮಾತು ದುಡ್ಡು ಹೋದದ್ದಕ್ಕಿಂತ ಹೆಚ್ಚು ನೋಯಿಸಿತು.

ಜುಲೈ ಕೊನೆಯಲ್ಲಿ ಸೋದರಳಿಯ ಬೆಂಗಳೂರಿನಿಂದ ಬರುವಾಗ ಬೆಂಕಿಪೊಟ್ಟಣಕ್ಕಿಂತ ಸ್ವಲ್ಪ ದೊಡ್ಡದಾದ ಬ್ಲೂಟೂತ್ ಸ್ಕ್ಯಾನರ್ ತಂದುಕೊಟ್ಟ. ಸ್ಟೀರಿಂಗಿನ ಕೆಳಗೆ ಹದಿನಾರು ಪಿನ್ನುಗಳ ಒಂದು ಕಿಂಡಿ ಇರುತ್ತದೆ. ಅಲ್ಲಿ ಅದನ್ನು ಸಿಕ್ಕಿಸಿದರೆ ಎಂಜಿನ್ನಿನ ಕಂಪ್ಯೂಟರ್ ಮೊಬೈಲಿನೊಂದಿಗೆ ಮಾತನಾಡುತ್ತದೆ. ಅಮೆರಿಕದಲ್ಲಿ 1996ರಿಂದಲೇ ಹೊಸ ಕಾರುಗಳಿಗೆ ಕಡ್ಡಾಯವಾದ ಓಬಿಡಿ-2, ಅಂದರೆ ಕಾರು ತನ್ನ ದೋಷವನ್ನು ತಾನೇ ಪತ್ತೆ ಮಾಡಿ ದಾಖಲಿಸುವ ವ್ಯವಸ್ಥೆ ಇದು. ನಮ್ಮಲ್ಲಿ ಬಂದದ್ದು 2013ರಲ್ಲಿ. ನನ್ನ ಕಾರು 2014ರದು, ಹಾಗಾಗಿ ಅದರಲ್ಲಿದೆ. ದೀಪ ಆಗ ಮತ್ತೆ ಹತ್ತಿತ್ತು. ಈ ಬಾರಿ ಅದನ್ನು ಆರಿಸಲು ನಾನು ಯಾರಿಗೂ ಬಿಡಲಿಲ್ಲ.

ದೋಷದ ಗುರುತಾದ ಕೋಡ್ ಬಂತು: ಪಿ0171. ಅದರ ಅರ್ಥವನ್ನು ಕನ್ನಡದಲ್ಲಿ ನೇರವಾಗಿ ಹೇಳುವುದಾದರೆ, ಎಂಜಿನ್ನಿಗೆ ಹೋಗುತ್ತಿರುವ ಮಿಶ್ರಣದಲ್ಲಿ ಗಾಳಿ ಹೆಚ್ಚು, ಪೆಟ್ರೋಲ್ ಕಡಿಮೆ. ಕೋಡ್ ಇಷ್ಟನ್ನೇ ಹೇಳುತ್ತದೆ. ಯಾವ ಬಿಡಿಭಾಗ ಕೆಟ್ಟಿದೆಯೆಂದು ಅದು ಹೇಳುವುದೇ ಇಲ್ಲ. ಮಿಶ್ರಣ ತೆಳುವಾಗಿದೆ ಎಂದು ತಿಳಿಸಿದ್ದು ಆಕ್ಸಿಜನ್ ಸೆನ್ಸರ್, ಹೊಗೆಯಲ್ಲಿ ಉಳಿದ ಆಮ್ಲಜನಕವನ್ನು ಅಳೆದು. ನನ್ನ ಹಳೆಯ ಸೆನ್ಸರ್ ನಿಜವನ್ನೇ ಹೇಳುತ್ತಿತ್ತು. ಅದನ್ನು ಕಿತ್ತು ಹೊಸದು ಹಾಕಿದರು. ಹೊಸದೂ ಅದನ್ನೇ ಹೇಳಿತು.

ಕೋಡಿನ ಜೊತೆಗೆ ಕಂಪ್ಯೂಟರ್ ಇನ್ನೊಂದನ್ನೂ ಉಳಿಸಿಟ್ಟಿರುತ್ತದೆ. ದೋಷ ದಾಖಲಾದ ಕ್ಷಣದ ಲೆಕ್ಕಗಳೆಲ್ಲ ಅದರಲ್ಲಿ ಇರುತ್ತವೆ. ಇದಕ್ಕೆ ಫ್ರೀಜ್ ಫ್ರೇಮ್ ಎನ್ನುತ್ತಾರೆ. ನನ್ನದರಲ್ಲಿ ಇದ್ದದ್ದು: ವೇಗ 0, ಎಂಜಿನ್ ನಿಮಿಷಕ್ಕೆ 780 ಸುತ್ತು, ನೀರಿನ ಶಾಖ 84 ಡಿಗ್ರಿ, ದೀರ್ಘಾವಧಿಯ ಫ್ಯುಯೆಲ್ ಟ್ರಿಮ್ +18.8, ತತ್ಕಾಲದ್ದು +7.0. ಮೊದಲ ಎರಡು ಅಂಕಿಗಳನ್ನು ಕಂಡಾಗಲೇ ನೆನಪಾಯಿತು, ಕೊನೆಯ ಸಲ ದೀಪ ಹತ್ತಿದ ದಿನ ರೈಲ್ವೆ ಗೇಟ್ ಹಾಕಿತ್ತು. ಮಳೆಗೆ ಗಾಜು ಮಂಜಾಗುತ್ತದೆಂದು ಎಂಜಿನ್ ನಿಲ್ಲಿಸದೆ ಕಾಯುತ್ತಿದ್ದೆವು. ದೀಪ ಹತ್ತಿದ್ದು ಅಲ್ಲೇ.

ಟ್ರಿಮ್ ಎಂದರೆ ತಿದ್ದುಪಡಿ. ಬರುವ ಗಾಳಿಯನ್ನು ಅಳೆದು ಕಂಪ್ಯೂಟರ್ ಇಷ್ಟು ಪೆಟ್ರೋಲ್ ಎಂದು ಲೆಕ್ಕ ಹಾಕುತ್ತದೆ. ಉರಿದ ಮೇಲೆ ಹೊಗೆಯನ್ನು ನೋಡಿ, ಸಾಲದೆಂದು ಕಂಡರೆ ಶೇಕಡಾ ಇಷ್ಟು ಹೆಚ್ಚು ಕೊಡುತ್ತದೆ. ಹೆಚ್ಚು ಕೊಡುವುದೇ ರೂಢಿಯಾದರೆ ಅದನ್ನು ದೀರ್ಘಾವಧಿಯ ಲೆಕ್ಕದಲ್ಲಿ ಬರೆದುಕೊಳ್ಳುತ್ತದೆ. ನನ್ನ ಕಾರು ಎರಡೂ ಸೇರಿ ಶೇ. 26ರಷ್ಟು ಹೆಚ್ಚು ಪೆಟ್ರೋಲ್ ಸುರಿದು ಮಿಶ್ರಣವನ್ನು ಸರಿದೂಗಿಸುತ್ತಿತ್ತು. ಇನ್ನು ನನ್ನಿಂದ ಆಗುವುದಿಲ್ಲ ಎಂದಾಗ ದೀಪ ಹತ್ತಿಸುತ್ತಿತ್ತು.

ಸ್ಕ್ಯಾನರಿನಿಂದ ಕೋಡ್ ಅಳಿಸಿದರೆ ಫ್ರೀಜ್ ಫ್ರೇಮ್ ಅಳಿಯುತ್ತದೆ, ಬರೆದುಕೊಂಡ ಟ್ರಿಮ್ ಕೂಡ ಸೊನ್ನೆಗೆ ಬರುತ್ತದೆ. ಕಂಪ್ಯೂಟರ್ ಮತ್ತೆ ಮೊದಲಿನಿಂದ ಕಲಿಯಬೇಕು. ದೋಷ ಎರಡು ಪ್ರಯಾಣಗಳಲ್ಲಿ ಒಂದರ ಹಿಂದೊಂದು ಕಾಣಬೇಕು, ಆಗ ಮಾತ್ರ ದೀಪ. ಹನ್ನೊಂದು ದಿನ, ಒಂಬತ್ತು ದಿನ ಎಂಬ ಆ ಅಂತರ ಇದೇ. ಮೂರು ಗ್ಯಾರೇಜುಗಳವರೂ ದುಡ್ಡು ತೆಗೆದುಕೊಂಡು, ದೋಷ ಹುಡುಕಲು ಬೇಕಾದ ಸಾಕ್ಷ್ಯವನ್ನು ಮೂರು ಸಲ ಒರೆಸಿಹಾಕಿದ್ದರು. ಇದನ್ನು ಅರ್ಥ ಮಾಡಿಕೊಂಡ ರಾತ್ರಿ ನನಗೆ ಬಂದ ಸಿಟ್ಟು ಇನ್ನೂ ಪೂರ್ತಿ ಇಳಿದಿಲ್ಲ. ಅಳಿಸುವ ಮೊದಲು ಆ ಅಂಕಿಗಳನ್ನು ಒಂದು ಚೀಟಿಯಲ್ಲಿ ಬರೆದುಕೊಡಲು ಎರಡು ನಿಮಿಷ ಸಾಕಾಗಿತ್ತು.

ಆಗಸ್ಟಿನ ಮೊದಲ ಮೂರು ವಾರ ಹಳೆಯ ಹಾಜರಿ ಪುಸ್ತಕವೊಂದರಲ್ಲಿ ಟ್ರಿಮ್ ಬರೆದೆ. ನಿಂತಲ್ಲೇ ಎಂಜಿನ್ ಓಡುವಾಗ ಸುಮಾರು 25. ಆಕ್ಸಿಲರೇಟರ್ ಒತ್ತಿ 2,500 ಸುತ್ತಿನಲ್ಲಿ ಹಿಡಿದರೆ 10ಕ್ಕೆ ಇಳಿಯುತ್ತಿತ್ತು. ಪ್ರತಿ ಸಲವೂ ಹೀಗೆಯೇ. ಪೆಟ್ರೋಲ್ ಪಂಪ್ ಸೋತಿದ್ದರೆ ಅಥವಾ ಫಿಲ್ಟರ್ ಕಟ್ಟಿದ್ದರೆ ಹೆಚ್ಚು ಪೆಟ್ರೋಲ್ ಬೇಕಾದಾಗ, ಅಂದರೆ ಏರು ಹತ್ತುವಾಗ, ಕೊರತೆ ಹೆಚ್ಚಬೇಕಿತ್ತು. ಇಲ್ಲಿ ತಿರುಗುಮುರುಗು. ನಿಂತಲ್ಲಿ ಓಡುವಾಗ ಗಾಳಿಯ ದಾರಿಯ ಬಾಗಿಲಾದ ಥ್ರಾಟಲ್ ಬಹುತೇಕ ಮುಚ್ಚಿರುತ್ತದೆ, ಸಿಲಿಂಡರುಗಳಿಗೆ ಗಾಳಿ ಹಂಚುವ ಮ್ಯಾನಿಫೋಲ್ಡಿನೊಳಗೆ ನಿರ್ವಾತ ಬಲವಾಗಿರುತ್ತದೆ, ಸಣ್ಣ ಬಿರುಕಿದ್ದರೂ ಹೊರಗಿನ ಗಾಳಿಯನ್ನು ಹೀರುತ್ತದೆ. ಆ ಗಾಳಿ ಅಳತೆಯ ಸೆನ್ಸರನ್ನು ದಾಟಿ ಬರುವುದೇ ಇಲ್ಲ. ಸುತ್ತು ಹೆಚ್ಚಿದಾಗ ಸರಿಯಾದ ದಾರಿಯಲ್ಲಿ ಬರುವ ಗಾಳಿ ಬಹಳವಾಗಿ, ಈ ಕಳ್ಳಗಾಳಿಯ ಪಾಲು ಕಡಿಮೆಯಾಗುತ್ತದೆ. (ಗಾಳಿಯ ತೂಕವನ್ನು ಅಳೆಯದೆ ಮ್ಯಾನಿಫೋಲ್ಡಿನ ಒತ್ತಡದಿಂದ ಲೆಕ್ಕ ಹಾಕುವ ಕಾರುಗಳೂ ಇವೆ. ಅವುಗಳಲ್ಲಿ ಇದೇ ಸೋರಿಕೆಯಿಂದ ದೀಪ ಹತ್ತುವ ಬದಲು ಎಂಜಿನ್ ನಿಂತಲ್ಲೇ ಜೋರಾಗಿ ಓಡಬಹುದು. ನಿಮ್ಮ ಕಾರು ಯಾವ ಬಗೆಯದೆಂದು ಮೊದಲು ತಿಳಿದುಕೊಳ್ಳಿ.)

ಸೋರಿಕೆ ಎಂದು ಗೊತ್ತಾಯಿತು. ಎಲ್ಲಿ ಎಂದು ಹುಡುಕುವುದು ನನ್ನ ಕೈಯ ಕೆಲಸವಾಗಿರಲಿಲ್ಲ. ಸಹೋದ್ಯೋಗಿಯೊಬ್ಬರು ಈ ಹಿರಿಯ ಮೇಸ್ತ್ರಿಯವರ ಹೆಸರು ಹೇಳಿದರು. ತಗಡಿನ ಮಾಡು, ಒಂದೇ ಕಾರು ನಿಲ್ಲುವಷ್ಟು ಜಾಗ. ಗುರುವಾರ ಶಾಲೆ ಮುಗಿಸಿ ಹೋದೆ. ಹಾಜರಿ ಪುಸ್ತಕವನ್ನು ಕೊಡುವಾಗ ಸ್ವಲ್ಪ ಅಳುಕಿತ್ತು. ಅವರು ಕನ್ನಡಕ ಹಾಕಿಕೊಂಡು ಪುಟ ತಿರುವುತ್ತಾ ಹತ್ತು ನಿಮಿಷ ಓದಿದರು. "ಇಷ್ಟು ಬರೆದುಕೊಂಡು ಯಾರೂ ಬಂದಿಲ್ಲ. ಅರ್ಧ ಕೆಲಸ ನೀವೇ ಮಾಡಿದ್ದೀರಿ" ಎಂದರು. ನನಗೆ ಕಣ್ಣು ತುಂಬಿ ಬಂತು.

ಎಂಜಿನ್ ತಣ್ಣಗಾಗುವವರೆಗೆ ಕಾದರು. ಪೆಟ್ರೋಲ್ ವಾಸನೆ ಎಲ್ಲಾದರೂ ಇದೆಯೇ ಎಂದು ಬಗ್ಗಿ ನೋಡಿದರು. ಏರ್ ಫಿಲ್ಟರಿನಿಂದ ಬರುವ ಬಾಯಿಯನ್ನು ದಪ್ಪ ಪ್ಲಾಸ್ಟಿಕ್ಕಿನಿಂದ ಬಿಗಿದು ಕಟ್ಟಿದರು. ಪೇಂಟಿನ ಡಬ್ಬಿಯಿಂದ ತಾವೇ ಮಾಡಿಕೊಂಡ ಹೊಗೆಯ ಯಂತ್ರವೊಂದು ಅವರಲ್ಲಿದೆ. ಅದನ್ನು ಕಾರಿನಿಂದ ದೂರ ಇಟ್ಟು, ಉದ್ದನೆಯ ಕೊಳವೆಯಲ್ಲಿ, ಮ್ಯಾನಿಫೋಲ್ಡಿಗೆ ಸೇರುವ ಬ್ರೇಕ್ ಬೂಸ್ಟರಿನ ಪೈಪಿನ ಮೂಲಕ ಹೊಗೆಯನ್ನು ನಿಧಾನವಾಗಿ ಒಳಗೆ ಬಿಟ್ಟರು. ಹೊರಗೆ ಮಳೆ, ಒಳಗೆ ಟಾರ್ಚ್ ಬೆಳಕು. ಎರಡು ನಿಮಿಷ ಏನೂ ಇಲ್ಲ. ಆಮೇಲೆ ಎಂಜಿನ್ನಿನ ಹಿಂಬದಿಯಿಂದ, ಕಣ್ಣಿಗೆ ಕಾಣದ ಕಡೆಯಿಂದ, ನೂಲಿನಂತೆ ಒಂದು ಎಳೆ ಹೊಗೆ ಮೇಲೆದ್ದಿತು.

ಪಿಸಿವಿ ಪೈಪು. ಎಂಜಿನ್ನಿನ ಒಡಲಿನಲ್ಲಿ ಕಟ್ಟಿಕೊಳ್ಳುವ ಆವಿಯನ್ನು ಮ್ಯಾನಿಫೋಲ್ಡಿಗೆ ಒಯ್ಯುವ, ಗೇಣುದ್ದದ ರಬ್ಬರ್ ಕೊಳವೆ. ಹನ್ನೊಂದು ವರ್ಷದ ಶಾಖಕ್ಕೆ ಗಟ್ಟಿಯಾಗಿ, ಬಾಗಿದ ಜಾಗದಲ್ಲಿ ಕೆಳಮೈ ಸೀಳಿತ್ತು. ಮೇಲಿನಿಂದ ನೋಡಿದರೆ ಹೊಸದರಂತೆಯೇ ಇತ್ತು. ಇಲಿ ಕಡಿದಿರಬಹುದೆಂದು ಬಾನೆಟ್ಟಿನೊಳಗೆ ಹೊಗೆಸೊಪ್ಪು ಇಟ್ಟಿದ್ದ ನನಗೆ ಅಲ್ಲಿ ಹಲ್ಲಿನ ಗುರುತು ಒಂದೂ ಕಾಣಲಿಲ್ಲ.

ಆ ಅಳತೆಯ ಪೈಪು ಸಾಗರದಲ್ಲಿ ಸಿಗಲಿಲ್ಲ. ಶಿವಮೊಗ್ಗದ ಅಂಗಡಿಗೆ ಫೋನ್ ಮಾಡಿದರು. ಮರುದಿನ ಮಧ್ಯಾಹ್ನದ ಬಸ್ಸಿನ ಕಂಡಕ್ಟರ್ ಕೈಯಲ್ಲಿ ಬಂತು. ಪೈಪಿಗೆ 240 ರೂಪಾಯಿ, ಕೂಲಿ 400. ಅವರು ಕೇಳಿದ್ದು ಅಷ್ಟೇ.

ಪೈಪು ಹಾಕಿದ ಮೇಲೆ ಟ್ರಿಮ್ ತಾನಾಗಿ ಇಳಿಯತೊಡಗಿತು. ಇಂದು ಬೆಳಗಿನ ಅಂಕಿ: ನಿಂತಲ್ಲಿ +5.5, 2,500 ಸುತ್ತಿನಲ್ಲಿ +4.7. ಎರಡೂ ಹತ್ತಿರ ಹತ್ತಿರ ಬಂದಿವೆ, ಕಳ್ಳಗಾಳಿ ಇಲ್ಲ. ಉಳಿದ ಐದು ಪೆಟ್ರೋಲಿನದ್ದೇ ಇರಬೇಕೆಂದು ನನ್ನ ಲೆಕ್ಕ. ಒಂದು ಕಿಲೋ ಶುದ್ಧ ಪೆಟ್ರೋಲ್ ಪೂರ್ತಿ ಉರಿಯಲು 14.7 ಕಿಲೋ ಗಾಳಿ ಬೇಕು, ಎಥನಾಲಿಗೆ 9 ಕಿಲೋ ಸಾಕು. ಅದರೊಳಗೇ ಆಮ್ಲಜನಕವಿದೆ. 2023ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲಿ ಬಿಡುಗಡೆಯಾದ ಶೇ. 20 ಎಥನಾಲಿನ ಪೆಟ್ರೋಲ್ ಈಗ ಎಲ್ಲೆಡೆ ಬಂದಿದೆ. ಅದೇ ಗಾಳಿಗೆ ಅದು ಹೆಚ್ಚು ಪ್ರಮಾಣದಲ್ಲಿ ಬೇಕು. ಆದ್ದರಿಂದ ಹಳೆಯ ಕಾರಿನ ಟ್ರಿಮ್ ಒಂದಿಷ್ಟು ಮೇಲೇ ನಿಲ್ಲುತ್ತದೆ. ಬರೀ ಅದರಿಂದ ದೀಪ ಹತ್ತುತ್ತಿರಲಿಲ್ಲ, ಬರೀ ಬಿರುಕಿನಿಂದಲೂ ಇನ್ನಷ್ಟು ಕಾಲ ಹತ್ತುತ್ತಿರಲಿಲ್ಲವೇನೋ. ಮೂರನೆಯ ಗ್ಯಾರೇಜಿನವರು ಪೆಟ್ರೋಲಿನ ಮಾತೆತ್ತಿದ್ದು ಪೂರ್ತಿ ಸುಳ್ಳಲ್ಲ ಎಂದು ಈಗ ಅನ್ನಿಸುತ್ತಿದೆ. ಅವರು ಟ್ರಿಮ್ ನೋಡಿದ್ದರೆ ಅಲ್ಲಿಗೇ ನಿಲ್ಲುತ್ತಿರಲಿಲ್ಲ.

ದೀಪ ಆರುವುದಕ್ಕೂ ಒಂದು ಲೆಕ್ಕವಿದೆ. ದೋಷ ಕಂಡಂಥ ಸ್ಥಿತಿಯಲ್ಲೇ ಪರೀಕ್ಷೆ ನಡೆದು, ಮೂರು ಪ್ರಯಾಣ ದೋಷವಿಲ್ಲದೆ ಕಳೆಯಬೇಕು. ಹಾಗಾಗಿ ಮೂರೂ ಸಲ ಎಂಜಿನ್ ಬಿಸಿಯಾದ ಮೇಲೆ ಐದೈದು ನಿಮಿಷ ಸುಮ್ಮನೆ ನಿಲ್ಲಿಸಿ ಓಡಿಸಿದೆ, ರೈಲ್ವೆ ಗೇಟಿನಲ್ಲಿ ಕಾದ ಹಾಗೆ.

ಸಂಜೆ ಐದರ ಹೊತ್ತಿಗೆ ಮಳೆ ಬಿಟ್ಟಿತು. "ಇಕ್ಕೇರಿಗೆ ಹೋಗಿ ಬರೋಣ ಬನ್ನಿ ಅಮ್ಮ" ಎಂದು ಕರೆದೆ. ಅವರು ಶಾಲು ಹೊದ್ದು ಬಂದು ಕುಳಿತರು. ಕೀಲಿ ತಿರುಗಿಸಿದೆ. ಎಲ್ಲ ದೀಪಗಳೂ ಒಮ್ಮೆ ಹತ್ತಿದವು, ಎಂಜಿನ್ ದೀಪವೂ. ಎಂಜಿನ್ ಚಾಲೂ ಆಯಿತು. ಒಂದೊಂದಾಗಿ ಆರಿದವು. ನಾನು ಉಸಿರು ಬಿಗಿಹಿಡಿದು ಆ ಒಂದು ಮೂಲೆಯನ್ನೇ ನೋಡುತ್ತಿದ್ದೆ.

ಅಮ್ಮನಿಗೆ ಆ ಕಣ್ಣಿನಲ್ಲಿ ಈಗ ಬಣ್ಣಗಳು ಅಷ್ಟಾಗಿ ತಿಳಿಯುವುದಿಲ್ಲ. ಮುಂದಕ್ಕೆ ಬಾಗಿ, ಡ್ಯಾಶ್‌ಬೋರ್ಡಿಗೆ ಮುಖ ಹತ್ತಿರ ತಂದು ನೋಡಿದರು.

"ಹೋಯಿತಲ್ಲೇ ಅದು!"

"ಹೌದಮ್ಮ, ಹೋಯಿತು."

ಇಕ್ಕೇರಿಯ ದೇವಸ್ಥಾನದ ಅಂಗಳದಲ್ಲಿ ಅರ್ಧ ಗಂಟೆ ಕುಳಿತು ಬಂದೆವು. ದಾರಿಯಲ್ಲಿ ಮೇಸ್ತ್ರಿಯವರಿಗೆ ಫೋನ್ ಮಾಡಿ ಹೇಳಿದೆ. ಹಾಜರಿ ಪುಸ್ತಕದ ಇಂದಿನ ಸಾಲು ತುಂಬಿಸಿದ್ದೇನೆ, ನಾಳೆಯ ಸಾಲಿಗೆ ದಿನಾಂಕ ಹಾಕಿಟ್ಟಿದ್ದೇನೆ. ಬೆಳಿಗ್ಗೆ ಆರೂವರೆಗೆ ಹೊರಡಬೇಕು, ಅಮ್ಮನ ಕಣ್ಣಿನ ಹನಿಯ ಬಾಟಲಿ ಚೀಲಕ್ಕೆ ಹಾಕುವುದೊಂದು ಬಾಕಿ ಇದೆ.