ಸಂಜೆಗೆ ಮಾಯವಾದ ಈಜುಕೊಳ

ಮಧ್ಯಾಹ್ನ ಈ ಬೀಚಲ್ಲಿ ಒಂದು ಈಜುಕೊಳ ಇತ್ತು. ಸಂಜೆ ಬಂದು ನೋಡಿದ್ರೆ ಇಲ್ಲ!

ಮೇಲಿಂದ ಧುಮುಕೋಕೆ ಅಂತ ಕಟ್ಟಿದ ಕಾಂಕ್ರೀಟ್ ಅಟ್ಟಣೆ ಮಾತ್ರ ಸಮುದ್ರದ ಮಧ್ಯೆ ನಿಂತಿದೆ. ಅದರ ಮೆಟ್ಟಿಲಿಗೆ ಅಲೆ ಬಡೀತಿದೆ.

ಫ್ರಾನ್ಸಿನ ಬ್ರಿಟನಿ ಕರಾವಳಿಯ ಸ್ಯಾಂ-ಮಾಲೊ. ಬೀಚಿನ ಹೆಸರು ಬೋನ್-ಸೆಕೂರ್. ಬೀಚಿನ ಮರಳ ಮೇಲೇ ಗೋಡೆ ಕಟ್ಟಿ ಬಿಟ್ಟಿದ್ದಾರೆ ಅಷ್ಟೆ. ಉಬ್ಬರ ಬಂದಾಗ ಸಮುದ್ರ ಕೊಳವನ್ನ ಪೂರ್ತಿ ನುಂಗುತ್ತೆ, ಇಳಿದು ಹೋಗುವಾಗ ತುಂಬಿಸಿಟ್ಟು ಹೋಗುತ್ತೆ. ನೀರು ಬದಲಾಯಿಸೋ ಖರ್ಚೇ ಇಲ್ಲ, ಜಾಣರು.

ದೊಡ್ಡ ಉಬ್ಬರದ ದಿನಗಳಲ್ಲಿ ಇಲ್ಲಿ ನೀರು 12 ಮೀಟರಿಗೂ ಹೆಚ್ಚು ಏರುತ್ತೆ. ನಮ್ಮ ಕಾರವಾರದಲ್ಲಿ ಎರಡು ಮೀಟರ್ ಆಸುಪಾಸು!

ಆಮೇಲೆ ಕೋಟೆ ಗೋಡೆ ಮೇಲೆ ಒಂದು ಸುತ್ತು. ಒಳಗಿನ ಊರು 1944ರ ಆಗಸ್ಟಲ್ಲಿ ಬಹುಪಾಲು ಸುಟ್ಟುಹೋಗಿತ್ತು. ಈಗ ಕಾಣೋ ಹಳೇ ಕಾಲದ ಕಲ್ಲಿನ ಮನೆಗಳಲ್ಲಿ ಹೆಚ್ಚಿನವು ಎರಡನೇ ಮಹಾಯುದ್ಧ ಮುಗಿದ ಮೇಲೆ ಎದ್ದವು. ಹೇಳದಿದ್ರೆ ಗೊತ್ತೇ ಆಗಲ್ಲ.

1746ರಲ್ಲಿ ಇಂಗ್ಲಿಷರಿಂದ ಮದ್ರಾಸ್ ಕಿತ್ತುಕೊಂಡ ಫ್ರೆಂಚ್ ನೌಕಾ ನಾಯಕ ಲಾ ಬೂರ್ದೊನೆ ಹುಟ್ಟಿದ್ದೂ ಇದೇ ಊರಲ್ಲಿ. ಇಂಥಾ ಉಬ್ಬರ ನೋಡ್ತಾ ಬೆಳೆದವನಿಗೆ ಬಂಗಾಳ ಕೊಲ್ಲಿ ತೊಟ್ಟಿ ನೀರಿನ ಹಾಗೆ ಕಂಡಿರಬೇಕು ಅನ್ನಿಸ್ತು. ಆದ್ರೆ ಗೆದ್ದು ತಿಂಗಳು ತುಂಬೋದ್ರೊಳಗೆ, ಅಕ್ಟೋಬರಿನ ಚಂಡಮಾರುತ ಮದ್ರಾಸ್ ಎದುರಲ್ಲೇ ಅವನ ಹಡಗುಗಳನ್ನ ಚಿಂದಿ ಮಾಡಿತು. ಹಿಂಗಾರು ಯಾರಪ್ಪನ ಮಾತು ಕೇಳುತ್ತೆ ಹೇಳಿ!