ಗೋಡೌನಿನ ಹೆಗ್ಗಣಕ್ಕೆ ಎಷ್ಟು ಜೂಲ್‌ನ ಏರ್ ಗನ್ ಬೇಕು?

ಮೆಕ್ಕೆಜೋಳದ ಸುಗ್ಗಿ ಮುಗಿದು ದಾವಣಗೆರೆಯ ಗೋಡೌನುಗಳಲ್ಲಿ ಚೀಲದ ನಿಟ್ಟು ಏರಿದ ಮೇಲೆ ಹೆಗ್ಗಣದ ಕಾಟ ಶುರು. ಮಾಲೀಕರು ಮೊದಲು ಕೇಳುವುದು ಪಾಷಾಣ. ಆದರೆ ಬ್ರೊಮಾಡಿಯೊಲೋನ್ ತಿಂದ ಹೆಗ್ಗಣ ಸಾಯಲು ಮೂರು ನಾಲ್ಕು ದಿನ ಹಿಡಿಯುತ್ತದೆ. ಅಷ್ಟು ದಿನ ನರಳಿ, ನಿಟ್ಟಿನ ಸಂದಿಯಲ್ಲಿ ಸತ್ತು ನಾರುತ್ತದೆ. ಅದನ್ನು ತಿಂದ ಗೂಬೆಗೂ ವಿಷ ಏರುತ್ತದೆ. ಅಂಟಿನ ಹಾಳೆಯಂತೂ ಇನ್ನೂ ಕ್ರೂರ, ಅದು ಬೇಡವೇ ಬೇಡ. ಬಾಗಿಲಡಿಯ ಸಂದು ಮುಚ್ಚಿ, ಗೋಡೆಯಿಂದ ಅರ್ಧ ಮೀಟರ್ ಬಿಟ್ಟು ನಿಟ್ಟು ಹಚ್ಚಿಸಿ, ಬೋನು, ಇಲಿಕತ್ತರಿ ಎಲ್ಲ ಇಟ್ಟ ಮೇಲೂ ಬೋನಿಗೆ ಬೀಳದ ಕೆಲವು ಉಳಿಯುತ್ತವೆ. ಏರ್ ಗನ್ನಿನ ಕೆಲಸ ಅಲ್ಲಿ ಮಾತ್ರ. ಆ ಕೆಲಸಕ್ಕೆ ಗನ್ ಆರಿಸುವಾಗ ಜನ ನೋಡುವುದು ಒಂದು, ನೋಡಬೇಕಾದದ್ದು ಇನ್ನೊಂದು.

ಜನ ನೋಡುವುದು ಬಾಕ್ಸಿನ ಮೇಲಿನ ವೇಗ. 'ಸೆಕೆಂಡಿಗೆ 1000 ಅಡಿ' ಎಂದು ದಪ್ಪಕ್ಷರದಲ್ಲಿ ಬರೆದಿರುತ್ತದೆ. ಅದು ಸೆಕೆಂಡಿಗೆ 305 ಮೀಟರ್. ಏರ್ ಗನ್ನಿನ ಚಿಕ್ಕ ಗುಂಡಿಗೆ ಪೆಲೆಟ್ ಎನ್ನುತ್ತಾರೆ. ಯಾವ ತೂಕದ ಪೆಲೆಟ್‌ಗೆ ಆ ವೇಗ ಎಂಬುದು ಮುಖ್ಯ, ಅದನ್ನು ಬರೆದಿರುವುದಿಲ್ಲ. ಹಗುರ ಮಿಶ್ರಲೋಹದ ಪೆಲೆಟ್ ಹಾಕಿದರೆ ಯಾವ ಗನ್ನಿನ ವೇಗವೂ ಏರುತ್ತದೆ. ನೋಡಬೇಕಾದದ್ದು ಶಕ್ತಿ, ಅಂದರೆ ಜೂಲ್. ಲೆಕ್ಕ ಸುಲಭ: ಪೆಲೆಟ್‌ನ ತೂಕ ಗ್ರಾಂನಲ್ಲಿ, ಅದನ್ನು ಸೆಕೆಂಡಿಗೆ ಇಷ್ಟು ಮೀಟರ್ ಎಂಬ ವೇಗದಿಂದ ಎರಡು ಸಲ ಗುಣಿಸಿ 2000ದಿಂದ ಭಾಗಿಸಿ. 0.54 ಗ್ರಾಂ ಪೆಲೆಟ್ ಸೆಕೆಂಡಿಗೆ 240 ಮೀಟರ್ ಹೋದರೆ ಸುಮಾರು 15.6 ಜೂಲ್. 0.45 ಗ್ರಾಂನದು 150 ಮೀಟರ್ ಹೋದರೆ ಬರೀ 5 ಜೂಲ್. ಜಾತ್ರೆಯಲ್ಲಿ ಬಲೂನು ಒಡೆಯಲು ಇಡುವಂಥ ಸವೆದ ಸ್ಪ್ರಿಂಗಿನ ಗನ್ನನ್ನು ಗೋಡೌನಿಗೆ ತರಲೇಬಾರದು. ಅದು ಕೊಲ್ಲುವುದಿಲ್ಲ, ಗಾಯ ಮಾಡಿ ಬಿಡುತ್ತದೆ.

ವೇಗ ಅಳೆಯಲು ಕ್ರೋನೋಗ್ರಾಫ್ ಬೇಕು. ಅಂಗಡಿಯಲ್ಲಿ ಅದರ ಮುಂದೆ ಹತ್ತು ಪೆಲೆಟ್ ಹೊಡೆದು ತೋರಿಸಲು ಕೇಳಿ. ಹತ್ತರ ವೇಗದ ನಡುವೆ ಸೆಕೆಂಡಿಗೆ ಐದಾರು ಮೀಟರ್ ವ್ಯತ್ಯಾಸ ಇದ್ದರೆ ಒಳ್ಳೆಯ ಗನ್. ಹದಿನೈದು ದಾಟಿದರೆ ಸೀಲ್ ಅಥವಾ ಸ್ಪ್ರಿಂಗ್ ಸರಿಯಿಲ್ಲ. ಹೊಚ್ಚ ಹೊಸ ಗನ್ನಿನ ಮೊದಲ ಅಳತೆಯನ್ನು ನಂಬಬೇಡಿ. ಸಿಲಿಂಡರಿನಲ್ಲಿ ಉಳಿದ ಎಣ್ಣೆ ಒತ್ತಡಕ್ಕೆ ಹೊತ್ತಿಕೊಂಡು ವೇಗ ಸುಳ್ಳಾಗಿ ಏರುತ್ತದೆ, ಹೊಗೆಯೂ ಕಾಣುತ್ತದೆ. ಮೂವತ್ತು ನಲವತ್ತು ಪೆಲೆಟ್ ಹೋದ ಮೇಲೆ ಅಳೆಯಿರಿ.

ಮೇಲಿನ ಮಿತಿ ಕಾನೂನಿನದು. 2016ರ ಶಸ್ತ್ರಾಸ್ತ್ರ ನಿಯಮಗಳ ಪ್ರಕಾರ 20 ಜೂಲ್ ಮೀರಿದ ಅಥವಾ 4.5 ಮಿ.ಮೀ. (.177) ಮೀರಿದ ನಳಿಗೆಯ ಏರ್ ಗನ್ನಿಗೆ ಲೈಸೆನ್ಸ್ ಬೇಕು. ಹಾಗಾಗಿ ಹೊರದೇಶದವರು ಕೊಡುವ '.22 (5.5 ಮಿ.ಮೀ.) ತಗೊಳ್ಳಿ' ಎಂಬ ಸಲಹೆ ಲೈಸೆನ್ಸ್ ಇಲ್ಲದ ನಮ್ಮವರಿಗೆ ಹೊಂದುವುದಿಲ್ಲ. 4.5 ಮಿ.ಮೀ. ಒಳಗೇ ಆರಿಸಬೇಕು. ಕೊಂಡ ರಸೀದಿಯನ್ನು ಗನ್ನಿನ ಜೊತೆಗೇ ಇಟ್ಟುಕೊಳ್ಳಿ.

ಇನ್ನು ಎಷ್ಟು ಸಾಕು? ನಳಿಗೆಯ ಬಾಯಲ್ಲಿರುವ ಶಕ್ತಿ ಹೆಗ್ಗಣದ ತನಕ ಉಳಿಯುವುದಿಲ್ಲ. ಗುಂಡುತಲೆಯ ಪೆಲೆಟ್ ಕೂಡ 25 ಮೀಟರ್ ಹೋಗುವಷ್ಟರಲ್ಲಿ ಸುಮಾರು ಕಾಲುಭಾಗ ಕಳೆದುಕೊಳ್ಳುತ್ತದೆ. ಚಪ್ಪಟೆತಲೆಯದು ಇನ್ನೂ ಬೇಗ. ನಮ್ಮ ಲೆಕ್ಕದಲ್ಲಿ ಇಲಿಗೆ ತಾಗುವಾಗ 7 ಜೂಲ್, ದೊಡ್ಡ ಹೆಗ್ಗಣಕ್ಕೆ 10 ಜೂಲ್ ಇರಬೇಕು. ಗೋಡೌನಿನೊಳಗಿನ ದೂರ 8ರಿಂದ 12 ಮೀಟರ್, ಹಾಗಾಗಿ ಬಾಯಲ್ಲಿ 13ರಿಂದ 16 ಜೂಲ್ ಇರುವ ಗನ್ ಸಾಕು. ಅದಕ್ಕಿಂತ ಹೆಚ್ಚು ಕೊಂಡರೆ ಕೆಲಸ ಚೆನ್ನಾಗುವುದಿಲ್ಲ. ಪೆಲೆಟ್ ಹೆಗ್ಗಣದ ತಲೆಯನ್ನು ದಾಟಿಕೊಂಡು ಗೋಡೆಗೆ, ಚೀಲಕ್ಕೆ, ಸಿಮೆಂಟ್ ಶೀಟಿಗೆ ಹೊಡೆಯುತ್ತದೆ. ಕಾಂಕ್ರೀಟಿಗೆ ಬಡಿದದ್ದು ಹೊಡೆದವನ ಕಣ್ಣಿಗೇ ಮರಳಬಹುದು. ಕನ್ನಡಕ ಹಾಕದೆ ಒಂದು ಪೆಲೆಟ್ಟೂ ಬೇಡ.

ಶಕ್ತಿ ಸಾಕಷ್ಟಿದ್ದೂ ಹೆಗ್ಗಣ ಗಾಯಗೊಂಡು ಓಡಿತು ಎಂದರೆ ಹೆಚ್ಚಿನ ಸಲ ಕಾರಣ ಸ್ಕೋಪಿನ ಎತ್ತರ. ಇದನ್ನು ಬಿಡಿಸಿ ಹೇಳಬೇಕು. ಸ್ಕೋಪಿನ ನಡುಗೆರೆ ನಳಿಗೆಯ ನಡುಗೆರೆಗಿಂತ ಸುಮಾರು 4 ಸೆಂ.ಮೀ. ಮೇಲಿರುತ್ತದೆ. 20 ಮೀಟರಿಗೆ ಗುರಿ ಹೊಂದಿಸಿದ ಗನ್ನಿಂದ 5 ಮೀಟರಿನ ಹೆಗ್ಗಣಕ್ಕೆ ಹೊಡೆದರೆ ಪೆಲೆಟ್ ಗುರಿಗಿಂತ 2 ಸೆಂ.ಮೀ.ಗೂ ಹೆಚ್ಚು ಕೆಳಗೆ ಬೀಳುತ್ತದೆ. ಇಲಿಯ ಮೆದುಳಿನ ಉದ್ದವೇ ಸುಮಾರು 2 ಸೆಂ.ಮೀ. ಅಂದರೆ ಏಟು ದವಡೆಗೋ ಗಂಟಲಿಗೋ ಹೋಯಿತು. ಹತ್ತಿರ ಇದೆ, ತಪ್ಪುವುದಿಲ್ಲ ಎಂದುಕೊಳ್ಳುವುದು ಇಲ್ಲಿ ಕೈಕೊಡುತ್ತದೆ. ಗುರಿಯನ್ನು 10 ಮೀಟರಿಗೆ ಹೊಂದಿಸಿದರೆ 8ರಿಂದ 12 ಮೀಟರಿನೊಳಗೆ ವ್ಯತ್ಯಾಸ ಅರ್ಧ ಸೆಂ.ಮೀ. ಆಸುಪಾಸು ಮಾತ್ರ. ಅದಕ್ಕಿಂತ ಹತ್ತಿರ ಬಂದದ್ದನ್ನು ಬಿಟ್ಟುಬಿಡಿ. ಸ್ಕೋಪ್ ಕೊಳ್ಳುವಾಗ 10 ಮೀಟರಿಗೆ ಫೋಕಸ್ ಹೊಂದಿಸಲು ಬರುವಂಥದ್ದೇ ಇರಲಿ. ದೂರದ ರೈಫಲ್ಲಿಗೆಂದು ಮಾಡಿದ ಸ್ಕೋಪಿನಲ್ಲಿ ಇಷ್ಟು ಹತ್ತಿರದ್ದು ಮಸುಕಾಗಿ ಕಾಣುತ್ತದೆ. ಮೇಲಾಗಿ ಸ್ಪ್ರಿಂಗ್ ಗನ್ ಹಿಂದಕ್ಕೂ ಮುಂದಕ್ಕೂ ಒದೆಯುವುದರಿಂದ ಅಂಥ ಸ್ಕೋಪಿನ ಒಳಭಾಗ ಸಡಿಲವಾಗುತ್ತದೆ.

10 ಮೀಟರಿನಲ್ಲಿ ಹತ್ತಕ್ಕೆ ಹತ್ತೂ ಒಂದು ರೂಪಾಯಿ ನಾಣ್ಯದೊಳಗೆ ಬೀಳದಿದ್ದರೆ ಆ ಗನ್, ಆ ಕೈ ಇನ್ನೂ ಕೆಲಸಕ್ಕೆ ಸಿದ್ಧವಿಲ್ಲ. ಸ್ಪ್ರಿಂಗ್ ಗನ್ನನ್ನು ಬಿಗಿಯಾಗಿ ಅಮುಕಿ ಹಿಡಿಯಬಾರದು. ಎಡಗೈ ಬಿಚ್ಚಿಟ್ಟು ಅದರ ಮೇಲೆ ಕೂರಿಸಿದಂತಿರಲಿ, ಚೀಲಕ್ಕೆ ನೇರವಾಗಿ ಒರಗಿಸಬೇಡಿ. ಸ್ಪ್ರಿಂಗಿನ ಬದಲು ಒತ್ತಿದ ಗ್ಯಾಸ್ ಇರುವ ಗ್ಯಾಸ್ ಪಿಸ್ಟನ್ನಿನದು ಸ್ವಲ್ಪ ನಯ, ಆದರೆ 10 ಡಿಗ್ರಿ ಬಿಸಿ ಏರಿದರೆ ಒಳಗಿನ ಒತ್ತಡ ಶೇಕಡಾ 3ರಷ್ಟು ಏರುತ್ತದೆ. ಚಳಿಯಲ್ಲಿ ಹೊಂದಿಸಿದ ಗುರಿಯನ್ನು ಏಪ್ರಿಲ್‌ನಲ್ಲಿ ಮತ್ತೆ ನೋಡಬೇಕು. ಮೊದಲೇ ಗಾಳಿ ತುಂಬಿಸಿಡುವ ಪಿಸಿಪಿ ಒದೆಯುವುದಿಲ್ಲ, ಹೊಸಬರಿಗೆ ಅದೇ ಒಳ್ಳೆಯದು. ಖರ್ಚು ಮಾತ್ರ ಹೆಚ್ಚು.

ಪೆಲೆಟ್ ಗುಂಡುತಲೆಯದೇ ಇರಲಿ. ಚೂಪುತಲೆಯದು ನೋಡಲು ಜೋರು, ನೇರ ಹೋಗುವುದರಲ್ಲಿ ಹಿಂದೆ. ಆದರೆ ಧಾನ್ಯದ ಗೋಡೌನಿನಲ್ಲಿ ಇದಕ್ಕಿಂತ ದೊಡ್ಡ ಮಾತು ಸೀಸದ್ದು. ಸೀಸ ವಿಷ. ಅಕ್ಕಿ ಗಿರಣಿಯ ಮ್ಯಾಗ್ನೆಟ್ ಕಬ್ಬಿಣದ ಮೊಳೆಯನ್ನು ಹಿಡಿಯುತ್ತದೆ, ಸೀಸವನ್ನು ಹಿಡಿಯುವುದಿಲ್ಲ. ಚೀಲಕ್ಕೆ ಹೊಕ್ಕ ಪೆಲೆಟ್ ಕಾಳಿನ ಜೊತೆ ಹೋಗಿಬಿಡುತ್ತದೆ. ಬಯಲಿಗೆ ಸುರಿದ ಕಾಳಿನ ಕಡೆಗೆ, ನಿಟ್ಟಿನ ಕಡೆಗೆ ನಳಿಗೆ ತಿರುಗಲೇಬಾರದು. ತವರದ ಪೆಲೆಟ್ ಹಾಕಿದರೆ ಈ ಭಯ ಕಡಿಮೆ, ಆದರೆ ತವರವನ್ನೂ ಮ್ಯಾಗ್ನೆಟ್ ಹಿಡಿಯುವುದಿಲ್ಲ. ಅದು ಹಗುರವಾದ್ದರಿಂದ ಜೂಲ್ ಲೆಕ್ಕ, ಗುರಿ ಎರಡನ್ನೂ ಹೊಸದಾಗಿ ನೋಡಬೇಕು.

ಅದಕ್ಕೇ ಹೆಗ್ಗಣವನ್ನು ಹುಡುಕಿಕೊಂಡು ಹೋಗಿ ಹೊಡೆಯುವುದಲ್ಲ, ಜಾಗಕ್ಕೆ ಬರಿಸುವುದು. ಖಾಲಿ ಮೂಲೆಯಲ್ಲಿ ಮರಳು ತುಂಬಿದ ಗೋಣಿಚೀಲ, ಅದರ ಮುಂದೆ ಹಲಗೆ. ಹಲಗೆಯ ಬುಡದಲ್ಲಿ ಹೆಂಚಿನ ಚೂರಿಗೆ ಅರೆದ ಶೇಂಗಾ ಸವರಿಡಿ. ಕಾಳಾಗಿ ಇಟ್ಟರೆ ಕಚ್ಚಿಕೊಂಡು ಓಡುತ್ತದೆ, ಸವರಿದ್ದನ್ನು ನಿಂತು ನೆಕ್ಕಬೇಕು. ಕೂರುವ ಜಾಗಕ್ಕೂ ಹೆಂಚಿಗೂ ಟೇಪು ಹಿಡಿದು 10 ಮೀಟರ್ ಅಳೆಯಿರಿ. ಎರಡು ಮೂರು ರಾತ್ರಿ ಹೊಡೆಯದೆ ತಿನ್ನಲು ಬಿಡಿ. ಟಾರ್ಚಿಗೆ ಕೆಂಪು ಬೆಳಕು, ಇಲಿಗೆ ಕೆಂಪು ಅಷ್ಟಾಗಿ ಕಾಣುವುದಿಲ್ಲ. ಹಮಾಲರು, ವಾಚ್‌ಮನ್ ಎಲ್ಲ ಹೊರಗಿರಬೇಕು, ಬಾಗಿಲಿಗೆ ಒಳಗಿಂದ ಚಿಲಕ. ಫ್ಯೂಮಿಗೇಶನ್ (ಹುಳ ಸಾಯಿಸಲು ವಿಷಗಾಳಿ ಬಿಡುವುದು) ನಡೆಯುತ್ತಿರುವ ಗೋಡೌನಿಗೆ ಕಾಲಿಡಲೇಬೇಡಿ, ಅದರ ಫಾಸ್ಫೀನ್ ಗಾಳಿ ಮನುಷ್ಯನನ್ನೂ ಬಿಡುವುದಿಲ್ಲ.

ಪಕ್ಕದಿಂದಾದರೆ ಕಣ್ಣಿಗೂ ಕಿವಿಯ ಬುಡಕ್ಕೂ ನಡುವೆ ಹೊಡೆಯಬೇಕು. ಎದುರಿನಿಂದಾದರೆ ಎರಡು ಕಣ್ಣಿನ ನಡುವೆ, ಕೊಂಚ ಮೇಲೆ. ಓಡುತ್ತಿರುವುದಕ್ಕೆ, ಅರ್ಧ ಕಾಣುವುದಕ್ಕೆ, ಬೆನ್ನು ತೋರಿಸಿದ್ದಕ್ಕೆ ಹೊಡೆಯಬೇಡಿ. ಬಿದ್ದ ಕೂಡಲೇ ಹೋಗಿ ಕಡ್ಡಿಯಿಂದ ಕಣ್ಣು ಮುಟ್ಟಿ ನೋಡಿ. ರೆಪ್ಪೆ ಅಲುಗಿದರೆ ಜೀವ ಇದೆ, ಆ ಕ್ಷಣವೇ ಇನ್ನೊಂದು ಪೆಲೆಟ್ ತಲೆಗೆ. ಇಲಿಜ್ವರದ ಭಯ ಇರುವುದರಿಂದ ಗ್ಲೌಸ್ ಹಾಕಿಯೇ ಎತ್ತಿ ಆಳವಾಗಿ ಹೂಳಿ. ಬಯಲಿಗೆ ಎಸೆದರೆ ಹದ್ದಿನ ಹೊಟ್ಟೆಗೆ ಸೀಸ ಹೋಗುತ್ತದೆ.

ಹೊಲದ ಹಂದಿಗೆ ಇದೇ ಗನ್ ಆಗುತ್ತದೆಯೇ ಎಂದು ಜಗಳೂರು, ಹೊಳಲ್ಕೆರೆ ಕಡೆಯ ರೈತರು ಕೇಳುವುದುಂಟು. ಆಗುವುದಿಲ್ಲ. 20 ಜೂಲ್ ಕಾಡುಹಂದಿಯ ಚರ್ಮದೊಳಗೆ ಕೀವಿನ ಗಾಯ ಮಾಡುತ್ತದೆ, ಅಷ್ಟೇ. ಹಂದಿ, ನವಿಲು, ಮುಂಗುಸಿ, ಗಿಳಿ ಎಲ್ಲ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆಯಲ್ಲಿವೆ. ಹೆದರಿಸಲೆಂದು ಹೊಡೆದರೂ ಕೇಸು. ಬೆಳೆ ಹಾನಿಗೆ ಅರಣ್ಯ ಇಲಾಖೆಗೆ ಅರ್ಜಿ ಕೊಡುವುದೇ ದಾರಿ.

ಸ್ಪ್ರಿಂಗ್ ಗನ್ನನ್ನು ಪೆಲೆಟ್ ಇಲ್ಲದೆ ಹೊಡೆದರೆ ಪಿಸ್ಟನ್ ಸೀಲ್ ಒಡೆಯಬಹುದು. ಸ್ಪ್ರಿಂಗ್ ಎಳೆದು ಗಂಟೆಗಟ್ಟಲೆ ಬಿಟ್ಟರೆ ಬಲ ಕುಗ್ಗುತ್ತದೆ. ಹೊಲಿಗೆ ಮಿಷನ್ನಿನ ಎಣ್ಣೆಯನ್ನು ಗಾಳಿಯ ತೂತಿಗೆ ಬಿಡಬೇಡಿ. ಪ್ರತಿ ಸುಗ್ಗಿಗೆ ಮೊದಲು ಕ್ರೋನೋಗ್ರಾಫಿಗೆ ಹಿಡಿದು, ವೇಗ ಶೇಕಡಾ 10 ಇಳಿದಿದ್ದರೆ ಸ್ಪ್ರಿಂಗ್, ಸೀಲ್ ಎರಡನ್ನೂ ಒಟ್ಟಿಗೆ ಬದಲಿಸಿ. ವೇಗ ಹತ್ತು ಇಳಿದರೆ ಶಕ್ತಿ ಹತ್ತೊಂಬತ್ತು ಇಳಿದಿರುತ್ತದೆ. ಪೆಲೆಟ್ಟಿನ ಹೊಸ ಡಬ್ಬಿ ಒಡೆದಾಗಲೂ ಸ್ಕೋಪಿನ ಸ್ಕ್ರೂ ಬಿಗಿಮಾಡಿ, 10 ಮೀಟರಿನ ಗುರಿಯನ್ನು ಮತ್ತೆ ನೋಡಿಯೇ ಕೆಲಸಕ್ಕೆ ಒಯ್ಯಿರಿ.