ಬಿಟ್ಟದ್ದರ ಲೆಕ್ಕ

ಶಬ್ದ ಮತ್ತು ದೃಶ್ಯಗಳ ಫೈಲುಗಳನ್ನು ಕಿರಿದುಗೊಳಿಸುವ ವಿಧಾನಗಳ ಮೇಲೆ ಸಂಶೋಧನೆ ಮಾಡುವುದು ನನ್ನ ಕೆಲಸ. ಯಾರಾದರೂ ಕೇಳಿದರೆ ‘ಕಂಪ್ರೆಶನ್’ ಎಂದು ಒಂದೇ ಮಾತಿನಲ್ಲಿ ಮುಗಿಸುತ್ತೇನೆ. ಅದಾದ ಮೇಲೂ ಕುತೂಹಲ ಉಳಿದವರಿಗೆ, ಏನನ್ನು ಬಿಟ್ಟರೆ ಯಾರಿಗೂ ಗೊತ್ತಾಗುವುದಿಲ್ಲ ಎಂದು ಹುಡುಕುವ ಉದ್ಯೋಗ ಎಂದು ವಿವರಿಸುತ್ತೇನೆ. ಹನ್ನೊಂದು ವರ್ಷ ಇದರಲ್ಲಿ ಕಳೆದ ಮೇಲೆ ಒಂದು ಚಟ ಅಂಟಿಕೊಂಡಿದೆ. ಸಂಜೆ ಪುಸ್ತಕ ಹಿಡಿದಾಗಲೂ, ಸಂಗೀತ ಕೇಳುವಾಗಲೂ, ಸಿನಿಮಾ ನೋಡುವಾಗಲೂ, ಇದರಲ್ಲಿ ಬಿಡಬಹುದಾದದ್ದು ಯಾವುದು ಎಂಬ ಪ್ರಶ್ನೆ ತಾನಾಗಿಯೇ ಏಳುತ್ತದೆ. ನನಗೆ ಅತ್ಯಂತ ಪ್ರಿಯವಾದ ಸಂಗತಿಗಳೇ ಎಷ್ಟೋ ಸಲ ಆ ಪಟ್ಟಿಯಲ್ಲಿ ಸಿಗುತ್ತವೆ ಎಂಬುದು ಈಚೆಗೆ ನನ್ನನ್ನು ಕಾಡುತ್ತಿದೆ.

ದಿನಚರಿಯಲ್ಲಿ ಹೇಳಿಕೊಳ್ಳುವಂಥ ರೋಚಕತೆ ಏನೂ ಇಲ್ಲ. ಬೆಳಿಗ್ಗೆ ಎದ್ದ ಕೂಡಲೇ, ರಾತ್ರಿ ಓಡಲು ಬಿಟ್ಟ ಪ್ರೋಗ್ರಾಂ ಎಲ್ಲಿಗೆ ಬಂತು ಎಂದು ನೋಡುತ್ತೇನೆ. ಎಷ್ಟೋ ದಿನ ಅದು ನಾನು ಮಲಗಿದ ಐದು ನಿಮಿಷಕ್ಕೇ, ಯಾವುದೋ ಫೈಲಿನ ಹೆಸರಿನಲ್ಲಿ ನಾನೇ ಮಾಡಿದ ಒಂದು ಅಕ್ಷರದ ತಪ್ಪಿನಿಂದಾಗಿ, ನಿಂತುಹೋಗಿರುತ್ತದೆ. ಓಡಿದ ದಿನ ಸಂಖ್ಯೆಗಳ ಒಂದು ಕೋಷ್ಟಕ ಕಾದಿರುತ್ತದೆ. ಹಿಂದಿನ ವಾರಕ್ಕಿಂತ ಶೇಕಡಾ ಅರ್ಧದಷ್ಟು ಉಳಿತಾಯ ಕಂಡರೂ ಸಾಕು, ಆ ದಿನವೆಲ್ಲ ನನ್ನ ನಡಿಗೆಯೇ ಬೇರೆಯಾಗಿರುತ್ತದೆ ಎಂದು ಸಹೋದ್ಯೋಗಿಗಳು ನಗುತ್ತಾರೆ. ಮಧ್ಯಾಹ್ನದ ಸಭೆಗಳ ಬಗ್ಗೆ ಬರೆಯುವುದಕ್ಕೆ ಏನೂ ಇಲ್ಲ.

ಹೆಚ್ಚು ಹೊತ್ತು ಹೋಗುವುದು ಕೇಳುವುದರಲ್ಲಿ. ಸಿ.ಡಿ.ಯೊಂದರಲ್ಲಿ ಶಬ್ದವನ್ನು ಸೆಕೆಂಡಿಗೆ 44,100 ಬಾರಿ ಅಳೆದು, ಪ್ರತಿ ಅಳತೆಯನ್ನೂ ಸೊನ್ನೆ-ಒಂದುಗಳ 16 ಬಿಟ್‌ಗಳಲ್ಲಿ ಬರೆದಿರುತ್ತಾರೆ. ಎಡ ಬಲ ಎರಡನ್ನೂ ಕೂಡಿಸಿದರೆ ಸೆಕೆಂಡಿಗೆ 14,11,200 ಬಿಟ್‌ಗಳಾಗುತ್ತವೆ. ಸೆಕೆಂಡಿಗೆ 128 ಕಿಲೋಬಿಟ್‌ನ ಎಂಪಿ3 ಫೈಲಿನಲ್ಲಿ ಉಳಿಯುವುದು ಅದರ ಹನ್ನೊಂದನೇ ಒಂದು ಭಾಗ ಮಾತ್ರ. ಉಳಿದ ಹತ್ತು ಭಾಗ ಹೋದದ್ದು ನಮಗೆ ತಿಳಿಯದಿರುವುದಕ್ಕೆ ಕಿವಿಯ ಸ್ವಭಾವವೇ ಮುಖ್ಯ ಕಾರಣ. ಜೋರಾದ ಒಂದು ದನಿ ಕೇಳುತ್ತಿರುವಾಗ ಅದರ ಆಸುಪಾಸಿನ ಕಂಪನಾಂಕಗಳ ಮೆಲುದನಿಗಳು ನಮಗೆ ಕೇಳುವುದೇ ಇಲ್ಲ. ಜೋರಾದ ಪೆಟ್ಟೊಂದು ಬಿದ್ದ ನಂತರ ಸುಮಾರು ನೂರು ಮಿಲಿಸೆಕೆಂಡಿನವರೆಗೂ ಸಣ್ಣಪುಟ್ಟ ಗದ್ದಲ ಗಮನಕ್ಕೆ ಬರುವುದಿಲ್ಲ. ಪೆಟ್ಟಿಗೆ ಮುಂಚೆ ಮಾತ್ರ ಈ ರಿಯಾಯಿತಿ ಕೆಲವೇ ಮಿಲಿಸೆಕೆಂಡುಗಳದ್ದು. ಎಂಪಿ3 ಶಬ್ದವನ್ನು 1,152 ಅಳತೆಗಳ, ಎಂದರೆ ಸುಮಾರು 26 ಮಿಲಿಸೆಕೆಂಡುಗಳ, ತುಂಡುಗಳಾಗಿ ತೆಗೆದುಕೊಳ್ಳುತ್ತದೆ. ತುಂಡಿನ ಕೊನೆಯಲ್ಲಿ ಮೃದಂಗದ ಪೆಟ್ಟೊಂದು ಬಿದ್ದರೆ ಅದನ್ನು ಬರೆಯುವಾಗ ಆದ ತಪ್ಪು ಇಡೀ ತುಂಡಿಗೆ ಹರಡಿಕೊಂಡು, ಬೆರಳು ಮುಚ್ಚಿಗೆಯನ್ನು ಮುಟ್ಟುವ ಮುಂಚೆಯೇ ‘ಸ್ಸ್’ ಎಂಬ ಸಣ್ಣ ಸದ್ದಾಗಿ ಕೇಳುತ್ತದೆ. ಇದನ್ನು ತಡೆಯಲು ತುಂಡನ್ನು ಇನ್ನಷ್ಟು ಚಿಕ್ಕದು ಮಾಡಿಕೊಳ್ಳುವ ಉಪಾಯವನ್ನು ಆ ವಿಧಾನದಲ್ಲೇ ಒದಗಿಸಿದ್ದಾರೆ. ಯಾವಾಗ ಚಿಕ್ಕದು ಮಾಡಬೇಕೆಂದು ಪ್ರೋಗ್ರಾಮಿಗೆ ಕಲಿಸುವುದು ಕಷ್ಟ.

ಹೀಗೆ ಕಲಿಸುವುದಕ್ಕಾಗಿ ಒಂಬತ್ತು ಸೆಕೆಂಡುಗಳ ಒಂದು ಮೃದಂಗದ ತುಣುಕನ್ನು ಮೂರು ವಾರ ಕೇಳಿದ್ದೇನೆ. ಈ ಕಸುಬಿನಲ್ಲಿ ಇದು ಹಳೆಯ ವ್ಯಾಧಿ. ಎಂಪಿ3 ರೂಪಿಸಿದವರಲ್ಲಿ ಪ್ರಮುಖರಾದ ಜರ್ಮನಿಯ ಕಾರ್ಲ್‌ಹೈನ್ಸ್ ಬ್ರಾಂಡೆನ್‌ಬರ್ಗ್ ಅವರು, ಗಾಯಕಿ ಸುಝಾನ್ ವೇಗಾ ಪಕ್ಕವಾದ್ಯವಿಲ್ಲದೆ ಹಾಡಿದ ಒಂದು ಹಾಡನ್ನು ನೂರಾರು ಬಾರಿ ಕೇಳಿ ತಮ್ಮ ವಿಧಾನವನ್ನು ತಿದ್ದಿದರು; ಮೊದಮೊದಲು ಆ ಒಂಟಿ ಕಂಠವೇ ಯಂತ್ರಕ್ಕೆ ದಕ್ಕದೆ ಕರ್ಕಶವಾಗಿ ಬರುತ್ತಿತ್ತಂತೆ. ನನ್ನ ಮಟ್ಟಿಗೆ ಹೇಳುವುದಾದರೆ, ಮೂರು ವಾರ ಮುಗಿದ ಮೇಲೆ ಯಾವ ಕಛೇರಿಯ ಧ್ವನಿಮುದ್ರಣ ಹಾಕಿದರೂ ನನ್ನ ಕಿವಿ ತಾಳವಾದ್ಯದವರು ತಾವಷ್ಟೇ ನುಡಿಸುವ ತನಿ ಆವರ್ತನವನ್ನು ಬಿಟ್ಟು ಪ್ರತಿ ಪೆಟ್ಟಿನ ಹಿಂದಿನ ಮೌನವನ್ನು ತಡಕುತ್ತಿತ್ತು. ಲೆಕ್ಕ ಹಿಡಿದು ಕೂರುವವನಿಗೆ ಲಯ ಕಾಣುವುದಿಲ್ಲ. ಕೆಲವು ತಿಂಗಳು ತಾಳವಾದ್ಯದ ಗೊಡವೆಯೇ ಬೇಡವೆಂದು ಬರಿಯ ಆಲಾಪ ಕೇಳತೊಡಗಿದೆ. ಅಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಗಾಯಕರ ಹಿಂದಿನ ತಂಬೂರಿ.

ತಂಬೂರಿಯ ಬಗ್ಗೆ ನಮ್ಮಂಥವರ ಮೊದಲ ಅಭಿಪ್ರಾಯ ಅದರ ಪರವಾಗಿ ಇರಲಾರದು. ನಾಲ್ಕೇ ತಂತಿ, ಅದೇ ಸ್ವರ, ಅದೇ ಕ್ರಮ. ಮುಂದೆ ಏನು ಬರುತ್ತದೆಂದು ಮೊದಲೇ ಗೊತ್ತಿರುವುದರಿಂದ ಅದಕ್ಕಾಗಿ ಹೆಚ್ಚು ಬಿಟ್ ಖರ್ಚು ಮಾಡುವ ಕಾರಣವಿಲ್ಲ ಎಂದು ಲೆಕ್ಕ ಹೇಳುತ್ತದೆ. ಈ ಲೆಕ್ಕ ತಪ್ಪೆನ್ನಲು ಭೌತಶಾಸ್ತ್ರದಲ್ಲಿಯೇ ಆಧಾರವಿದೆ. ತಂತಿಯನ್ನು ಒಂದು ಬಿಂದುವಿನಲ್ಲಿ ಮೀಟಿದರೆ, ಆ ಬಿಂದುವಿನಲ್ಲಿ ಅಲುಗದೆ ನಿಲ್ಲಬೇಕಾದ ಕಂಪನಗಳು ಹುಟ್ಟಬಾರದು ಎಂಬುದು ಯಂಗ್ ಮತ್ತು ಹೆಲ್ಮ್‌ಹೋಲ್ಟ್ಸ್ ಅವರ ಹೆಸರಿನಲ್ಲಿರುವ ನಿಯಮ. ತಂಬೂರಿ ಮತ್ತು ವೀಣೆಗಳು ಈ ನಿಯಮಕ್ಕೆ ಒಳಪಡುವುದಿಲ್ಲ ಎಂದು ಸಿ.ವಿ. ರಾಮನ್ 1921ರಲ್ಲಿಯೇ ಬರೆದರು. ಅಗಲವಾದ, ಮೆಲ್ಲನೆ ಬಾಗಿದ ಕುದುರೆಯ (ತಂತಿಯನ್ನು ಹೊತ್ತ ಪಟ್ಟಿಯ) ಮೇಲೆ ತಂತಿ ಒರಗಿಕೊಂಡಿರುವುದರಿಂದ, ಅದು ಕಂಪಿಸುವಾಗ ಕುದುರೆಯನ್ನು ಸವರಿಕೊಂಡು ಏಳುತ್ತ ಬೀಳುತ್ತ ಇರುತ್ತದೆ. ತಂತಿಯಡಿಗೆ ಸಿಕ್ಕಿಸಿದ ಎಳೆದಾರವನ್ನು ಕೂದಲೆಳೆಯಷ್ಟು ಸರಿಸಿದರೂ ಆ ಸವರಿಕೆ ಬದಲಾಗುತ್ತದೆ. ಹೊಸ ಹೊಸ ಮೇಲಿನ ಸ್ವರಗಳು ಒಂದರ ಹಿಂದೆ ಒಂದು ಬೆಳಗಿ ಆರುತ್ತವೆ. ಮಂದ್ರ ಷಡ್ಜದ ತಂತಿಯಿಂದ ಅಂತರ ಗಾಂಧಾರ ತಾನಾಗಿ ಕೇಳಿಬರುವುದನ್ನು ಸಂಗೀತಗಾರರು ಸ್ವಯಂಭೂ ಎನ್ನುತ್ತಾರೆ. ಆ ತಂತಿಯ ಐದನೆಯ ಕಂಪನ ಅದು.

ಬಿಟ್‌ಗಳು ತೀರ ಕಡಿಮೆಯಿದ್ದಾಗ ಇಂದಿನ ಕೆಲವು ವಿಧಾನಗಳು ಕಂಪನಾಂಕಗಳ ಮೇಲಿನ ಅರ್ಧವನ್ನು ಕಳಿಸುವುದೇ ಇಲ್ಲ. ಕೆಳಗಿನ ಅರ್ಧವನ್ನು ನಕಲು ಮಾಡಿ ಮೇಲಕ್ಕೆ ಅಂಟಿಸಿ, ಎಷ್ಟು ಜೋರಿರಬೇಕೆಂಬ ಸೂಚನೆಯನ್ನಷ್ಟೇ ಜೊತೆಗಿಡುತ್ತವೆ. ಮಾತಿಗೆ, ಗದ್ದಲದ ಹಾಡಿಗೆ ಇದು ಆಶ್ಚರ್ಯವೆನಿಸುವಷ್ಟು ಚೆನ್ನಾಗಿ ಒಪ್ಪುತ್ತದೆ. ತಂಬೂರಿಗೆ ಒಪ್ಪುವುದಿಲ್ಲ. ಅಂಟಿಸಿದ ಸ್ವರಗಳು ಷಡ್ಜದ ಸರಿಯಾದ ಗುಣಕಗಳ ಮೇಲೆ ಕೂರದೆ ಅಕ್ಕಪಕ್ಕಕ್ಕೆ ಸರಿದು, ಶ್ರುತಿ ಸೇರಿದಂತೆಯೂ ಸೇರದಂತೆಯೂ ಕೇಳಿಸುತ್ತವೆ. ಅಳೆಯುವ ಉಪಕರಣಗಳು ಇದನ್ನು ಸಣ್ಣ ದೋಷ ಎಂದು ಬರೆದುಕೊಳ್ಳುತ್ತವೆ, ಏಕೆಂದರೆ ಅಲ್ಲಿ ಶಕ್ತಿ ಬಹಳ ಕಡಿಮೆ. ನನಗೆ ಅದೇ ದೊಡ್ಡದಾಗಿ ಕೇಳುತ್ತದೆ.

ಸಿನಿಮಾ ನೋಡಲು ನನ್ನ ಪಕ್ಕ ಕೂರುವುದು ಶಿಕ್ಷೆ ಎಂದು ಮನೆಯವರ ದೂರು. ರಾತ್ರಿಯ ದೃಶ್ಯ ಬಂದರೆ ನಾನು ಪಾತ್ರಗಳನ್ನು ಬಿಟ್ಟು ಆಕಾಶವನ್ನು ನೋಡುತ್ತೇನೆ. ಪ್ರತಿ ಬಣ್ಣಕ್ಕೆ 256 ಹಂತಗಳಷ್ಟೇ ಇರುವ ಚಿತ್ರದಲ್ಲಿ ಕತ್ತಲೆಯ ಪಾಲಿಗೆ ಬರುವ ಹಂತಗಳು ಕೆಲವೇ ಆದ್ದರಿಂದ, ನಯವಾಗಿ ಕಪ್ಪಾಗಬೇಕಾದ ಆಕಾಶ ಮೆಟ್ಟಿಲುಮೆಟ್ಟಿಲಾಗಿ ಒಡೆದಿರುತ್ತದೆ. ಇನ್ನೂ ಹಿಂಡಿದ ಫೈಲಾದರೆ ಚೌಕಗಳೇ ಎದ್ದು ಕಾಣುತ್ತವೆ. ಚಿತ್ರವನ್ನು 8×8 ಬಿಂದುಗಳ ಚೌಕಗಳಾಗಿ ಕತ್ತರಿಸಿ ಒಂದೊಂದನ್ನೂ ಕೊಸೈನ್ ಅಲೆಗಳ ಮೊತ್ತವಾಗಿ ಬರೆಯುವ ಪದ್ಧತಿಯ ಗುರುತು ಅದು. ಆ ರೂಪಾಂತರವನ್ನು ನಾಸಿರ್ ಅಹ್ಮದ್ ಅವರು ಟಿ. ನಟರಾಜನ್ ಮತ್ತು ಕೆ.ಆರ್. ರಾವ್ ಅವರೊಡನೆ 1974ರಲ್ಲಿ ಪ್ರಕಟಿಸಿದರು. ಅದಕ್ಕೂ ಮುಂಚೆ 1972ರಲ್ಲಿ ಈ ವಿಚಾರದ ಮೇಲೆ ಕೆಲಸ ಮಾಡಲು ಅನುದಾನ ಕೋರಿದಾಗ, ಇದು ತೀರ ಸರಳ ಎಂಬ ಅಭಿಪ್ರಾಯ ಬಂದು ಹಣ ಸಿಗಲಿಲ್ಲವೆಂದು ಅವರೇ ಮುಂದೆ ಬರೆದುಕೊಂಡಿದ್ದಾರೆ. ನಾನು ಕಳಿಸಿದ ಪ್ರಬಂಧವೊಂದಕ್ಕೂ ‘ತೀರ ಸರಳ’ ಎಂಬ ಪರಿಶೀಲಕರ ಟಿಪ್ಪಣಿ ಬಂದಾಗ ಈ ಪ್ರಸಂಗವನ್ನು ನೆನೆದು ಸಮಾಧಾನಪಟ್ಟುಕೊಂಡೆ. ನನ್ನ ಪ್ರಬಂಧ ನಿಜವಾಗಿಯೂ ತೀರ ಸರಳವಾಗಿತ್ತು ಎಂಬುದು ಬೇರೆ ಮಾತು.

ಹಳೆಯ ಚಿತ್ರಗಳಲ್ಲಿ ನನಗೆ ಇಷ್ಟವಾಗುವುದು ಅವುಗಳ ತರಿ. ಫಿಲಂನ ಮೇಲಿನ ಬೆಳ್ಳಿಯ ಕಣಗಳು ಪ್ರತಿ ಫ್ರೇಮಿನಲ್ಲೂ ಬೇರೆ ಬೇರೆ ಕಡೆ ಚದುರಿರುತ್ತವೆ. ಸೆಕೆಂಡಿಗೆ 24 ಬಾರಿ ಅವು ಸ್ಥಳ ಬದಲಿಸುವುದರಿಂದಲೇ, ಯಾರೂ ಅಲುಗದೆ ಕುಳಿತಿರುವ ದೃಶ್ಯದಲ್ಲಿಯೂ ಗೋಡೆ ಉಸಿರಾಡುತ್ತಿರುವಂತೆ ತೋರುತ್ತದೆ. ವಿಡಿಯೊ ಕಿರಿದುಗೊಳಿಸುವ ವಿಧಾನಗಳೆಲ್ಲ ನಿಂತಿರುವುದು ಮುಂದಿನ ಫ್ರೇಮು ಹಿಂದಿನದರಂತೆಯೇ ಇರುತ್ತದೆ ಎಂಬ ನಂಬಿಕೆಯ ಮೇಲೆ. ತರಿ ಪ್ರತಿ ಫ್ರೇಮಿನಲ್ಲೂ ಈ ನಂಬಿಕೆಯನ್ನು ಸುಳ್ಳು ಮಾಡುತ್ತದೆ. 2018ರಲ್ಲಿ ಬಿಡುಗಡೆಯಾದ ಎವಿ1 ಎಂಬ ವಿಡಿಯೊ ವಿಧಾನ ಇದಕ್ಕೊಂದು ಜಾಣ ದಾರಿ ಕಂಡುಕೊಂಡಿತು. ತರಿಯನ್ನು ಮೊದಲೇ ಒರೆಸಿ, ಅದು ಯಾವ ಬಗೆಯದು ಎಂಬ ಕೆಲವು ಅಂಕಿಗಳನ್ನು ಮಾತ್ರ ಕಳಿಸಿ, ನೋಡುವವರ ಪರದೆಯ ಮೇಲೆ ಅಂಥದೇ ತರಿಯನ್ನು ಹೊಸದಾಗಿ ಸೃಷ್ಟಿಸಿ ಚೆಲ್ಲುವ ವ್ಯವಸ್ಥೆ ಅದರಲ್ಲಿದೆ. ಸಂಶೋಧಕನಾಗಿ ನಾನು ಇದಕ್ಕೆ ತಲೆದೂಗುತ್ತೇನೆ. ಆದರೆ ಛಾಯಾಗ್ರಾಹಕ ಬೆಳಕು ಬಿಟ್ಟ ಫಿಲಂನಲ್ಲಿ ಯಾವ ಕಣ ಎಲ್ಲಿತ್ತೋ ಅದು ಹೋಯಿತು, ಅದರ ಜಾಗದಲ್ಲಿ ಕುಳಿತದ್ದು ಅದರ ವರ್ಣನೆ ಎಂಬ ಅರಿವು ಒಂದು ಸಲ ಬಂದ ಮೇಲೆ, ಗೋಡೆ ಉಸಿರಾಡುವುದನ್ನು ಮೊದಲಿನ ನಂಬಿಕೆಯಿಂದ ನೋಡಲಾಗುವುದಿಲ್ಲ.

ಓದಿನಲ್ಲಿ ನನ್ನದು ಎರಡು ಬದುಕು. ಸಂಶೋಧನಾ ಪ್ರಬಂಧಗಳನ್ನು ನಾನು ಸಾಲಾಗಿ ಓದಿದ ನೆನಪೇ ಇಲ್ಲ. ಶೀರ್ಷಿಕೆ, ಚಿತ್ರಗಳು, ಕೊನೆಯ ಕೋಷ್ಟಕ, ಆಮೇಲೆ ಅನುಮಾನ ಬಂದರೆ ನಡುವಿನ ಗಣಿತ. ಹತ್ತರಲ್ಲಿ ಎಂಟನ್ನು ಕಾಲು ಗಂಟೆಯಲ್ಲಿ ಕೆಳಗಿಡುತ್ತೇನೆ. ಇದೇ ಅಭ್ಯಾಸ ಕಾದಂಬರಿಗೂ ಹರಿದು ಬಂದು, ಒಂದು ಕಾಲಕ್ಕೆ ವರ್ಣನೆಗಳನ್ನು ಹಾರಿಸಿ ಸಂಭಾಷಣೆಗಳನ್ನಷ್ಟೇ ಓದುತ್ತಿದ್ದೆ. ಅದನ್ನು ಬಿಡಿಸಿದ್ದು ಕ್ಲಾಡ್ ಶಾನನ್ ಅವರ ಒಂದು ಆಟ. ಮಾಹಿತಿಯನ್ನು ಬಿಟ್‌ಗಳಲ್ಲಿ ಅಳೆಯುವ ಸಿದ್ಧಾಂತವನ್ನು 1948ರಲ್ಲಿ ಕೊಟ್ಟ ಶಾನನ್, 1951ರಲ್ಲಿ ಇಂಗ್ಲಿಷ್ ಪಠ್ಯದ ಮುಂದಿನ ಅಕ್ಷರ ಯಾವುದೆಂದು ಓದುಗರಿಂದ ಒಂದೊಂದಾಗಿ ಊಹೆ ಮಾಡಿಸಿ, ಒಂದು ಅಕ್ಷರದಲ್ಲಿ ನಿಜವಾಗಿ ಇರುವ ಹೊಸತು ಸುಮಾರು 0.6ರಿಂದ 1.3 ಬಿಟ್‌ಗಳ ನಡುವೆ ಇರುತ್ತದೆ ಎಂದು ಅಂದಾಜು ಮಾಡಿದರು. ಸಾಲಿನ ಮೇಲೆ ಕಾಗದದ ಚೂರೊಂದನ್ನು ಮುಚ್ಚಿ ಮೆಲ್ಲಗೆ ಸರಿಸುತ್ತ ಹೋದರೆ ಈ ಆಟವನ್ನು ಯಾರೂ ಆಡಬಹುದು.

ಕನ್ನಡದಲ್ಲಿ ಆಡಿ ನೋಡಿದರೆ ಪದದ ಮೊದಲ ಅಕ್ಷರ ಬಹಳ ಗೋಳು ಹುಯ್ದುಕೊಳ್ಳುತ್ತದೆ. ಆದರೆ ‘ಮನೆಯ’ ತನಕ ಬಂದರೆ ‘ಲ್ಲಿ’ ಅಥವಾ ‘ನ್ನು’ ಬಾಗಿಲಲ್ಲೇ ನಿಂತಿರುತ್ತದೆ. ವಿಭಕ್ತಿಗಳು, ಕ್ರಿಯಾಪದದ ತುದಿಗಳು ಹೆಚ್ಚುಕಡಿಮೆ ಉಚಿತವಾಗಿ ಸಿಗುತ್ತವೆ. (ಕಂಪ್ಯೂಟರಿನಲ್ಲಿ ಮಾತ್ರ ಏನೂ ಉಚಿತವಲ್ಲ: ಅಕ್ಷರಗಳನ್ನು ಕಂಪ್ಯೂಟರಿನಲ್ಲಿಡುವ ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಪ್ರತಿ ಸಂಕೇತಕ್ಕೂ ಮೂರು ಬೈಟ್ ಬೇಕು, ‘ಸ್ತ್ರೀ’ ಎಂಬ ಒಂದಕ್ಷರಕ್ಕೆ ಆರು ಸಂಕೇತ ಸೇರಿ 18 ಬೈಟ್. ಆದರೆ ಆ ಮೂರರಲ್ಲಿ ಮೊದಲನೆಯದು ಎಲ್ಲ ಅಕ್ಷರಗಳಿಗೂ ಒಂದೇ, ಎರಡನೆಯದಕ್ಕೆ ಇರುವುದು ಎರಡೇ ಸಾಧ್ಯತೆ. ಕಿರಿದುಗೊಳಿಸಿದಾಗ ಆ ಭಾರ ಬಹುಮಟ್ಟಿಗೆ ಇಳಿದುಹೋಗುತ್ತದೆ.) ಷಟ್ಪದಿಗೆ ಬಂದಾಗ ಆಟ ಇನ್ನೂ ಸ್ವಾರಸ್ಯವಾಯಿತು. ಆದಿಪ್ರಾಸದ ನಿಯಮದಂತೆ ಆರೂ ಪಾದಗಳ ಎರಡನೆಯ ಅಕ್ಷರದ ವ್ಯಂಜನ ಒಂದೇ ಆಗಿರಬೇಕು. ಮೊದಲ ಪಾದ ಓದಿದವನಿಗೆ ಉಳಿದ ಐದು ಕಡೆ ಅದು ಮೊದಲೇ ತಿಳಿದಿರುತ್ತದೆ. ಶಾನನ್ ಲೆಕ್ಕದಲ್ಲಿ ಆ ಐದು ವ್ಯಂಜನಗಳಿಂದ ಬರುವ ಮಾಹಿತಿ ಸೊನ್ನೆ, ಅವನ್ನು ಬಿಟ್ಟು ಕಳಿಸಿದರೂ ಇನ್ನೊಂದು ತುದಿಯಲ್ಲಿ ಸರಿಯಾಗಿ ಕೂರಿಸಿಕೊಳ್ಳಬಹುದು. ಆದರೂ ಭಾಮಿನಿಯನ್ನು ಗಟ್ಟಿಯಾಗಿ ಓದುವಾಗ ಮೂರು ನಾಲ್ಕು ಮಾತ್ರೆಗಳ ನಡಿಗೆಯಲ್ಲಿ ನಾನು ಕಾಯುವುದು ಬರಲಿದೆಯೆಂದು ಗೊತ್ತಿರುವ ಆ ಅಕ್ಷರಕ್ಕಾಗಿಯೇ. ತಂಬೂರಿಯಲ್ಲಿ ಷಡ್ಜಕ್ಕೆ ಕಾಯುವುದೂ ಹೀಗೆಯೇ. ಇದಕ್ಕೆ ನನ್ನ ಶಾಸ್ತ್ರದಲ್ಲಿ ಅಂಕಿಯಿಲ್ಲ. ವರ್ಣನೆಗಳನ್ನು ಹಾರಿಸುವುದನ್ನಂತೂ ಅಂದಿನಿಂದ ನಿಲ್ಲಿಸಿದೆ.

ಇಷ್ಟೆಲ್ಲ ಬರೆದ ಮೇಲೆ ಕಳೆದ ತಿಂಗಳ ಒಂದು ಪ್ರಸಂಗವನ್ನೂ ಹೇಳಬೇಕು. ನಮ್ಮ ಹೊಸ ವಿಧಾನಕ್ಕೆ ಕೇಳುಗರಿಂದ ಅಂಕ ಹಾಕಿಸುವ ಪರೀಕ್ಷೆ ನಡೆಯುತ್ತಿತ್ತು. ಕ್ರಮ ಹೀಗಿದೆ: ಒಂದೇ ತುಣುಕಿನ ಹಲವು ರೂಪಗಳನ್ನು ಹೆಸರಿಲ್ಲದೆ ಕಲಸಿ ಕೊಡುತ್ತಾರೆ, ಅವುಗಳ ನಡುವೆ ಮೂಲವನ್ನೂ ಗುಟ್ಟಾಗಿ ಸೇರಿಸಿರುತ್ತಾರೆ, ಕೇಳುಗರು ಪ್ರತಿಯೊಂದಕ್ಕೂ ಸೊನ್ನೆಯಿಂದ 100ರವರೆಗೆ ಅಂಕ ಕೊಡುತ್ತಾರೆ. ಅಡಗಿಸಿಟ್ಟ ಮೂಲಕ್ಕೆ 90ಕ್ಕಿಂತ ಕಡಿಮೆ ಅಂಕವನ್ನು ಶೇಕಡಾ 15ಕ್ಕಿಂತ ಹೆಚ್ಚು ತುಣುಕುಗಳಲ್ಲಿ ಕೊಟ್ಟವರ ಕಿವಿಯನ್ನು ನಂಬುವಂತಿಲ್ಲವೆಂದು ಅವರ ಉತ್ತರಗಳನ್ನೆಲ್ಲ ತೆಗೆದುಹಾಕಬೇಕು. ಜನ ಸಾಲದೆ ನಾನೂ ಹೆಡ್‌ಫೋನ್ ಹಾಕಿಕೊಂಡು ಕುಳಿತೆ. ತುಣುಕುಗಳಲ್ಲಿ ಕೆಲವು ಹಳೆಯ ಟೇಪಿನಿಂದ ತೆಗೆದ ಆಲಾಪಗಳು. ಒಂದು ರೂಪದಲ್ಲಿ ತಂಬೂರಿಯ ಹಿಂದೆ ಟೇಪಿನ ಸಣ್ಣ ಗುಸುಗುಸು ಇತ್ತು. ಇನ್ನೊಂದರಲ್ಲಿ ಅದಿಲ್ಲದೆ ಷಡ್ಜ ತಿಳಿಯಾಗಿ ನಿಂತಿತ್ತು. ತಿಳಿಯಾದದ್ದೇ ಮೂಲವಿರಬೇಕೆಂದು ಅದಕ್ಕೆ ನೂರಕ್ಕೆ ನೂರು ಕೊಟ್ಟೆ, ಗುಸುಗುಸುವಿನದಕ್ಕೆ 70. ಆಮೇಲೂ ಎರಡು ಮೂರು ಕಡೆ ಹೀಗೆಯೇ ಮಾಡಿದೆ.

ಮರುದಿನ ಫಲಿತಾಂಶ ತೆರೆದಾಗ, ಗುಸುಗುಸುವನ್ನು ಒರೆಸಿ ಹಾಕಿದ್ದು ನಮ್ಮದೇ ವಿಧಾನ ಎಂದು ತಿಳಿಯಿತು. ಪ್ರಬಂಧದ ಕರಡು ಈಗ ನನ್ನ ಮುಂದಿದೆ. ನಾಲ್ಕನೆಯ ಪುಟದಲ್ಲಿ, ಕೋಷ್ಟಕದ ಕೆಳಗೆ, ಸಣ್ಣ ಅಕ್ಷರಗಳಲ್ಲಿ, ನಿಯಮಾನುಸಾರ ಒಬ್ಬ ಕೇಳುಗನ ಅಂಕಗಳನ್ನು ಪರಿಗಣಿಸಿಲ್ಲ ಎಂಬ ಸಾಲನ್ನು ನಾನೇ ಸೇರಿಸಿದ್ದೇನೆ.